ನಾನು ಓದಿದ್ದು ಯಾವ ವಿಶ್ವವಿದ್ಯಾಲಯದಲ್ಲಿ?

ಕಂಪ್ಯೂಟರಿನಲ್ಲಿ ದೇಶಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮೂರು ಸಲ ಹುಡುಕಿದೆ. ನಾನು ಓದಿದ ದೇಶ ಅದರಲ್ಲಿ ಇರಲಿಲ್ಲ. ಇರುವುದಿಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಸೋವಿಯತ್ ಒಕ್ಕೂಟ ಇಲ್ಲವಾಯಿತು ಎಂದು ರೇಡಿಯೋ ಹೇಳಿದಾಗ ನಾನು ಅಲ್ಲೇ, ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನಕ್ಕೆ ನೀರಿಟ್ಟುಕೊಂಡು ನಿಂತಿದ್ದೆ. ಆದರೂ ಇಷ್ಟು ವರ್ಷಗಳ ಮೇಲೆ ಮಸ್ಕತ್ತಿನ ಅಲ್ ಗುಬ್ರಾದ ಫ್ಲಾಟಿನಲ್ಲಿ ಕುಳಿತು, ‘ಪದವಿ ಪಡೆದ ದೇಶ’ ಎಂಬ ಚೌಕದಲ್ಲಿ ಏನನ್ನು ಆರಿಸಬೇಕೆಂದು ತಿಳಿಯದೆ ಬೆಪ್ಪಾದೆ.

ಚೌಕವನ್ನು ತುಂಬದೆ ಬಿಡುವಂತಿರಲಿಲ್ಲ. ಒಮಾನಿನಲ್ಲಿ ಇಂಜಿನಿಯರ್ ಎಂಬ ಹೆಸರಿನಲ್ಲಿ ಕೆಲಸದ ಪರ್ಮಿಟ್ ಇರುವವರೆಲ್ಲ ತಮ್ಮ ಪದವಿಯನ್ನು ಹೊಸದಾಗಿ ಪರಿಶೀಲನೆ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಪರ್ಮಿಟ್ ಮುಂದುವರಿಯುವುದಿಲ್ಲ ಎಂದು ನಮ್ಮ ಆಫೀಸಿಗೆ ಸೂಚನೆ ಬಂದಿತ್ತು. ನನ್ನ ಪರ್ಮಿಟ್ ಮುಗಿಯಲು ಎರಡೂವರೆ ತಿಂಗಳಿತ್ತು. ನಾನು ಈ ದೇಶಕ್ಕೆ ಬಂದ ಕಾಲದಲ್ಲಿ ಯಾರೂ ಪದವಿ ಕೇಳಲಿಲ್ಲ. ಪಂಪು ಕೆಟ್ಟಿದೆ, ಸರಿಮಾಡು ಎಂದರು, ಮಾಡಿದೆ. ವೀಸಾದಲ್ಲಿ ಫೋರ್‌ಮನ್ ಎಂದು ಬರೆದಿದ್ದರು. ನಾಲ್ಕನೆಯ ವರ್ಷ ಆಗಿನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಖುಷಿಯಾಗಿ, ಇವನು ಇಂಜಿನಿಯರ್ ಎಂದು ಬರೆಯಿರಿ ಎಂದ, ಬರೆದರು. ಆ ಒಂದು ಮಾತಿನ ಬಲದ ಮೇಲೆ ನಾನು ಇಷ್ಟು ಕಾಲ ಇಂಜಿನಿಯರಾಗಿ ಬದುಕಿದ್ದೇನೆ. ಈಗ ಅದು ನಿಜವೇ ಎಂದು ಒಂದು ವೆಬ್‌ಸೈಟ್ ಕೇಳುತ್ತಿತ್ತು.

‘ರಷ್ಯಾ ಅಂತ ಒತ್ತಿ ಬಿಡಿ ಮಾರಾಯ್ರೆ’ ಎಂದಳು ಹೆಂಡತಿ, ಹಿಂದಿನಿಂದ ಇಣುಕಿ. ‘ಎಂತ ಅಷ್ಟು ಮಂಡೆ ಬಿಸಿ ಮಾಡ್ತೀರಿ?’

‘ನನ್ನ ಸರ್ಟಿಫಿಕೇಟಲ್ಲಿ ರಷ್ಯಾ ಅಂತ ಇಲ್ಲ.’

‘ಹಾಗಾದ್ರೆ ನೀವು ಓದಿದ್ದು ಎಲ್ಲಿ?’

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಹೆಂಡತಿ ಇಂಥ ಪ್ರಶ್ನೆ ಕೇಳಬಾರದು. ಕೇಳಿದರೆ ಗಂಡನಾದವನ ಬಳಿ ಉತ್ತರವಿರಬೇಕು. ನಾನು ರಷ್ಯಾ ಎಂದೇ ಒತ್ತಿದೆ. ಕೂಡಲೇ ಊರುಗಳ ಪಟ್ಟಿ ತೆರೆಯಿತು. ನಾನು ಓದಿದ ಊರೂ ಅದರಲ್ಲಿ ಇರಲಿಲ್ಲ. ಅದಕ್ಕೂ ಹೆಸರು ಬದಲಾಗಿತ್ತು. ಹೊಸ ಹೆಸರನ್ನು ಆರಿಸಿದರೆ, ಅಲ್ಲಿ ಒಂದೇ ಬಗೆಯ ಹೆಸರಿನ ಮೂರು ವಿಶ್ವವಿದ್ಯಾಲಯಗಳು ಸಾಲಾಗಿ ಕುಳಿತಿದ್ದವು.

ಆ ವಿಶ್ವವಿದ್ಯಾಲಯದ ಚರಿತ್ರೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಪ್ಪಿದ್ದರೆ ಅದು ನನ್ನದಲ್ಲ, ಚರಿತ್ರೆಯದೇ. ಅದನ್ನು ಕಟ್ಟಿಸಿದ್ದು ರಷ್ಯಾದ ಒಬ್ಬ ಚಕ್ರವರ್ತಿ, ಆದ್ದರಿಂದ ಮೊದಲು ಅದಕ್ಕೆ ಅವನ ಹೆಸರಿತ್ತು. ಕ್ರಾಂತಿಯಾಯಿತು, ಚಕ್ರವರ್ತಿಯ ಹೆಸರನ್ನು ಕಿತ್ತುಹಾಕಿ ಒಬ್ಬ ನಾಯಕನ ಹೆಸರಿಟ್ಟರು. ಆಮೇಲೆ ವೈದ್ಯಕೀಯವನ್ನು ಬೇರೆ ಮಾಡಿದರು, ಇಂಜಿನಿಯರಿಂಗನ್ನು ಬೇರೆ ಮಾಡಿದರು, ಕೂಡುಕುಟುಂಬ ಪಾಲಾದ ಹಾಗೆ. ನಾನು ಸೇರಿದ್ದು ಪಾಲಾಗಿ ಹೋದ ಇಂಜಿನಿಯರಿಂಗ್ ಸಂಸ್ಥೆಗೆ. ಆದರೆ ಮೊದಲ ವರ್ಷ ನನಗೆ ರಷ್ಯನ್ ಕಲಿಸಿದ್ದು ಮೂಲಮನೆಯವರು, ಅಂದರೆ ದೊಡ್ಡ ವಿಶ್ವವಿದ್ಯಾಲಯದವರು. ದೇಶ ಒಡೆದಾಗ ನಾಯಕನ ಹೆಸರೂ ಹೋಯಿತು. ಈಚೆಗೆ ಸರ್ಕಾರ ಪಾಲಾದವರನ್ನು ಮತ್ತೆ ಕರೆದು ಒಂದೇ ಸೂರಿನಡಿ ಕೂರಿಸಿದೆಯಂತೆ. ಇಂಜಿನಿಯರಿಂಗಿನವರು ಬಂದರು, ವೈದ್ಯರು ಬರಲಿಲ್ಲ. ಹೀಗಾಗಿ ನಾನು ಸೇರಿದ ಸಂಸ್ಥೆ ಈಗ ಇಲ್ಲ, ಇರುವ ವಿಶ್ವವಿದ್ಯಾಲಯಕ್ಕೆ ನಾನು ಸೇರಿರಲಿಲ್ಲ, ಆದರೆ ನಾನು ಮಲಗುತ್ತಿದ್ದ ಹಾಸ್ಟೆಲ್ ಅಂದೂ ಇಂದೂ ಅವರದೇ.

ಮರುದಿನ ಬೆಳಿಗ್ಗೆ ಬೌಷರಿನಲ್ಲಿರುವ ನಮ್ಮ ಆಫೀಸಿಗೆ ಸರ್ಟಿಫಿಕೇಟನ್ನೇ ತೆಗೆದುಕೊಂಡು ಹೋದೆ. ನಮ್ಮ ಎಚ್‌.ಆರ್. ವಿಭಾಗದಲ್ಲಿ ಮೈಸೂರಿನ ಹೆಣ್ಣುಮಗಳೊಬ್ಬಳಿದ್ದಾಳೆ. ಚುರುಕು, ಮರ್ಯಾದಸ್ಥೆ, ನನ್ನ ಮಗಳ ವಯಸ್ಸು. ಲಕೋಟೆಯಿಂದ ಹಾಳೆಯನ್ನು ಹೊರಗೆಳೆದವಳೇ ಕಣ್ಣರಳಿಸಿದಳು.

‘ಅಯ್ಯೋ, ಏನ್ ಸರ್ ಇದು? ಲ್ಯಾಮಿನೇಟ್ ಮಾಡ್ಸಿಬಿಟ್ಟಿದೀರಾ?’

‘ನಾನಲ್ಲಮ್ಮ. ನಮ್ಮ ಅಪ್ಪ ಮಾಡಿಸಿದ್ದು.’

‘ಇದರ ಮೇಲೆ ಸೀಲ್ ಹೇಗ್ ಹೊಡೀತಾರೆ ಸರ್? ಪ್ಲಾಸ್ಟಿಕ್ ಮೇಲೆ ಇಂಕ್ ಕೂರಲ್ಲ. ಲ್ಯಾಮಿನೇಟ್ ಆಗಿರೋದನ್ನ ಅಟೆಸ್ಟೇಷನ್‌ಗೆ ಮುಟ್ಟೋದೇ ಇಲ್ಲ ಅವ್ರು. ಮತ್ತೆ ಇದಕ್ಕೆ ಕವರ್ ಇರ್ಬೇಕಲ್ವಾ? ಬರೀ ಹಾಳೆ ಇದೆ.’

ಕವರ್ ಇತ್ತು. ಗಾಢ ನೀಲಿ ಬಟ್ಟೆಯ ಗಟ್ಟಿ ಹೊದಿಕೆ, ಮೇಲೆ ಬಂಗಾರದ ಬಣ್ಣದ ಲಾಂಛನ. ನಾನು ಊರಿಗೆ ಮರಳಿದ ಮೊದಲ ಮಳೆಗಾಲದಲ್ಲಿ ಅಪ್ಪ, ಬೂಷ್ಟು ಹಿಡಿಯುತ್ತದೆ ಎಂದು ಆ ಹೊದಿಕೆಯನ್ನು ನೀಟಾಗಿ ಬಿಡಿಸಿ, ಒಳಗಿನ ಹಾಳೆಯನ್ನೂ ಅಂಕಪಟ್ಟಿಯನ್ನೂ ಮಂಗಳೂರಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರು. ನಮ್ಮ ಕಡೆ ಆ ಕಾಲದಲ್ಲಿ ಬೆಲೆಯುಳ್ಳದ್ದನ್ನೆಲ್ಲ ಲ್ಯಾಮಿನೇಷನ್ ಮಾಡಿಸುವ ಹುಚ್ಚಿತ್ತು. ಮದುವೆಯ ಕರೆಯೋಲೆಯನ್ನೂ ಬಿಡುತ್ತಿರಲಿಲ್ಲ. ಅಪ್ಪ ಖಾಸಗಿ ಬಸ್ಸಿನ ಬುಕಿಂಗ್ ಏಜೆಂಟ್. ಕಾಗದ ಹಾಳಾದರೆ ಸೀಟು ಹೋಯಿತು ಎಂದು ನಂಬಿದ ಮನುಷ್ಯ. ಗಲ್ಫಿನಲ್ಲಿ ಸರ್ಟಿಫಿಕೇಟಿಗೆ ಬೆನ್ನ ಮೇಲಿನ ಸೀಲುಗಳೇ ಜೀವ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಪ್ಲಾಸ್ಟಿಕನ್ನು ಬಿಡಿಸಲು ಒಂದು ಮೂಲೆಯಲ್ಲಿ ಪ್ರಯತ್ನಿಸಿದೆ. ಪ್ಲಾಸ್ಟಿಕಿನ ಜೊತೆಗೆ ಸಹಿಯೂ ಏಳತೊಡಗಿತು. ಗಾಬರಿಯಾಗಿ ಕೈಬಿಟ್ಟೆ. ಆಮೇಲೆ ಹದಿನೈದು ದಿನ ನನಗೆ ತಲೆ ನೆಟ್ಟಗಿರಲಿಲ್ಲ. ವಿಶ್ವವಿದ್ಯಾಲಯದ ಕುಲಪತಿಗಳ ಕಚೇರಿಗೆ ಬರೆದೆ. ಅಂತರರಾಷ್ಟ್ರೀಯ ವಿಭಾಗಕ್ಕೆ ಬರೆಯಿರಿ ಎಂದರು. ಅಂತರರಾಷ್ಟ್ರೀಯ ವಿಭಾಗದವರು, ಇಂಜಿನಿಯರಿಂಗಿಗೆ ಸೇರಲು ಇಂಗ್ಲಿಷ್ ಮಾಧ್ಯಮದಲ್ಲಿ ಸೀಟುಗಳಿವೆ ಎಂದು ಬಣ್ಣಬಣ್ಣದ ಪುಸ್ತಿಕೆ ಕಳಿಸಿದರು. ಅದರಲ್ಲಿ ಭಾರತದ, ಚೀನಾದ, ಅರಬ್ ದೇಶಗಳ ಮಕ್ಕಳು ಹಿಮದ ಮೇಲೆ ನಿಂತು ನಗುತ್ತಿದ್ದರು. ಐವತ್ತೊಂಬತ್ತರ ನನ್ನನ್ನು ಹೊಸ ವಿದ್ಯಾರ್ಥಿಯೆಂದು ತಿಳಿದ ಅವರಿಗೆ ಏನು ಹೇಳಲಿ?

ಆ ಚಿತ್ರಗಳನ್ನು ನೋಡುತ್ತಿದ್ದರೆ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು. ನಾನು ನಿಜವಾಗಿ ಅಲ್ಲಿದ್ದೆನೇ? ನನ್ನ ರೂಮಿನಲ್ಲಿ ಅಂಗೋಲಾದವನೊಬ್ಬ, ವಿಯೆಟ್ನಾಮಿನವನೊಬ್ಬ, ಯೆಮನಿನವನೊಬ್ಬ ಇದ್ದರು. ನಾಲ್ವರಿಗೂ ಇದ್ದದ್ದು ಒಂದೇ ಭಾಷೆ, ಅದೂ ಅರೆಬರೆ ರಷ್ಯನ್. ಜಗಳವಾದರೆ ಕ್ರಿಯಾಪದ ಸಿಗದೆ ಸುಮ್ಮನಾಗುತ್ತಿದ್ದೆವು. ಐದನೇ ಮಹಡಿಯ ಅಡುಗೆಮನೆಯಲ್ಲಿ ಒಂದು ಒಲೆಗೆ ಆರು ದೇಶ ಸರದಿ ನಿಲ್ಲುತ್ತಿತ್ತು. ವಿಯೆಟ್ನಾಮಿನವನು ಮೀನು ಹುರಿದರೆ ಉಳಿದವರು ಬೈಯುತ್ತಿದ್ದರು. ನಾನು ಮಾತ್ರ ಊರಿನ ನೆನಪಾಗಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ಜಗತ್ತಿನ ಬಡದೇಶಗಳ ಮಕ್ಕಳನ್ನು ಕರೆತಂದು, ಉಚಿತವಾಗಿ ಓದಿಸಿ, ಅವರವರ ದೇಶ ಕಟ್ಟಲು ವಾಪಸು ಕಳಿಸುವುದು ಆ ವಿಶ್ವವಿದ್ಯಾಲಯದ ದೊಡ್ಡ ಹೆಮ್ಮೆಯಾಗಿತ್ತು. ನಮ್ಮಲ್ಲಿ ಯಾರು ಯಾರ ದೇಶ ಕಟ್ಟಿದೆವೋ ನಾನರಿಯೆ. ನಾನಂತೂ ಒಮಾನಿನಲ್ಲಿ ಪಂಪು ಕಟ್ಟಿದೆ.

ಆ ವಾರ ಒಳನಾಡಿನ ಇಬ್ರಿಯಲ್ಲಿ ಕೆಲಸವಿತ್ತು. ಕೆಲಸ ಮುಗಿಸಿ ಬೆನ್ನುನೋವಿಗೆ ಮಾತ್ರೆ ಬರೆಸಿಕೊಳ್ಳಲು ಪೇಟೆಯಲ್ಲಿರುವ ಒಂದು ಕ್ಲಿನಿಕ್ಕಿಗೆ ಹೋದೆ. ಖರ್ಜೂರದ ಅಂಗಡಿಯ ಮೇಲಿನ ಮಹಡಿ. ವೈದ್ಯರು ಎಪ್ಪತ್ತು ದಾಟಿದ ಒಮಾನಿ. ಗೋಡೆಯ ಮೇಲೆ ಕಟ್ಟುಹಾಕಿದ್ದ ಅವರ ಪದವಿಪತ್ರದಲ್ಲಿ ರಷ್ಯನ್ ಅಕ್ಷರ ಕಂಡು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಊರಿನ ಹೆಸರು ಓದಿದೆ. ನನ್ನದೇ ಊರು, ಹಳೆಯ ಹೆಸರು.

‘ನೀವು ಅಲ್ಲಿ ಓದಿದವರಾ?’ ಎಂದು ರಷ್ಯನ್ ಭಾಷೆಯಲ್ಲೇ ಕೇಳಿದೆ. ನನ್ನ ಬಾಯಿಂದ ಅದು ಬಂದದ್ದು ನನಗೇ ಆಶ್ಚರ್ಯ. ಅವರು ಸ್ಟೆತಾಸ್ಕೋಪು ಕೆಳಗಿಟ್ಟರು. ಆಮೇಲೆ ಎದ್ದು ಬಂದು ತಬ್ಬಿಕೊಂಡರು. ಹೊರಗೆ ಕಾಯುತ್ತಿದ್ದ ರೋಗಿಗಳಿಗೆ ಏನನ್ನಿಸಿತೋ.

ತಮ್ಮ ಎಳವೆಯಲ್ಲಿ ಈ ದೇಶದಲ್ಲಿ ಓದಲು ಶಾಲೆಗಳೇ ಇರಲಿಲ್ಲ, ಹೊರಗೆ ಹೋದವರು ಹೋದಲ್ಲಿ ಓದಿದರು ಎಂದು ಅವರು ಹೇಳಿದರು. ಕುವೈತು, ಬಾಗ್ದಾದು ಎಂದು ಸುತ್ತಿ ಕೊನೆಗೆ ನದಿ ದಡದ ನಮ್ಮ ಆ ಊರು ತಲುಪಿದರಂತೆ. ಒಡನೆಯೇ ನಮ್ಮಲ್ಲಿ ವಾದ ಶುರುವಾಯಿತು. ನೀನು ನಮ್ಮ ವಿಶ್ವವಿದ್ಯಾಲಯದವನೇ ಅಲ್ಲ, ನಿನ್ನದು ಇಂಜಿನಿಯರಿಂಗ್ ಸಂಸ್ಥೆ ಎಂದರು ಅವರು. ನೀವೂ ಅಲ್ಲ, ನಿಮ್ಮದು ವೈದ್ಯಕೀಯ ಸಂಸ್ಥೆ ಎಂದೆ ನಾನು. ಹಾಗಾದರೆ ಆ ವಿಶ್ವವಿದ್ಯಾಲಯದಲ್ಲಿ ಓದಿದವರು ಯಾರು? ಇಬ್ಬರಿಗೂ ರಷ್ಯನ್ ಕಲಿಸಿದ್ದು ಒಬ್ಬಳೇ ಮುದುಕಿ ಎಂದು ಗೊತ್ತಾದ ಮೇಲೆ ರಾಜಿಯಾಯಿತು. ಅವರ ಕಾಲಕ್ಕೆ ಅವಳಿನ್ನೂ ಮುದುಕಿಯಾಗಿರಲಿಲ್ಲವಂತೆ.

ನನ್ನ ಗೋಳು ಕೇಳಿ ಅವರು ನಕ್ಕರು. ‘ಕುಲಪತಿಗೆ ಯಾಕೆ ಬರೆದೆ? ಅವನು ನಿನ್ನೆ ಬಂದವನು. ಆರ್ಕೈವಿಗೆ ಬರಿ, ಹಳೆಯ ದಾಖಲೆ ಇಡುವಲ್ಲಿಗೆ. ವಿದ್ಯಾರ್ಥಿಯ ಫೈಲನ್ನು ಒಬ್ಬ ಮನುಷ್ಯನ ಆಯುಸ್ಸಿನಷ್ಟು ಕಾಲ ಇಡುತ್ತಾರೆ. ಚಕ್ರವರ್ತಿ ಹೋಗಲಿ, ನಾಯಕ ಹೋಗಲಿ, ದೇಶ ಹೋಗಲಿ, ಆರ್ಕೈವಿನ ಹೆಂಗಸು ಹೋಗುವುದಿಲ್ಲ. ಯಲ್ಲಾ, ಇಲ್ಲೇ ಬರಿ, ನಿನ್ನ ವ್ಯಾಕರಣ ನಾನು ನೋಡುತ್ತೇನೆ.’

ಅವರ ಮೇಜಿನ ಮೇಲೇ ಬರೆದೆ. ಏಲಕ್ಕಿ ಹಾಕಿದ ಕಹ್ವಾ ಕಾಫಿ ಕುಡಿಯುತ್ತ ತಿದ್ದಿಕೊಟ್ಟರು. ನನ್ನ ಬೆನ್ನನ್ನು ನೋಡುವುದು ಇಬ್ಬರಿಗೂ ಮರೆತುಹೋಯಿತು.

ಮೂರು ವಾರ ಏನೂ ಬರಲಿಲ್ಲ. ಮೈಸೂರಿನ ಹುಡುಗಿ ದಿನ ಬಿಟ್ಟು ದಿನ ‘ಸರ್, ಏನಾದ್ರೂ ಬಂತಾ?’ ಎಂದು ಕೇಳುವಳು. ನಾನು ಸಾಮಾನು ಕಟ್ಟುವ ಲೆಕ್ಕಾಚಾರಕ್ಕಿಳಿದಿದ್ದೆ. ಹೆಂಡತಿ ‘ಬರ್ತದೆ, ನೀವು ಸುಮ್ಮನೆ ಹೆದರ್ಬೇಡಿ’ ಎನ್ನುತ್ತಲೇ ತಾನೂ ಅಟ್ಟದ ಸೂಟ್‌ಕೇಸು ಇಳಿಸಿ ಒರೆಸಿಟ್ಟಳು. ನನಗೆ ಭಯವಾದದ್ದು ಕೆಲಸ ಹೋಗುತ್ತದೆ ಎಂದಷ್ಟೇ ಅಲ್ಲ. ಆ ಫೈಲು ಸಿಗದಿದ್ದರೆ, ಆರು ವರ್ಷ ನಾನು ಎಲ್ಲಿದ್ದೆ ಎಂಬುದಕ್ಕೆ ಭೂಮಿಯ ಮೇಲೆ ಯಾವ ಸಾಕ್ಷಿಯೂ ಇಲ್ಲ ಎಂದು.

ಒಂದು ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಉತ್ತರ ಬಂತು. ಆರ್ಕೈವಿನ ಹೆಂಗಸೇ ಬರೆದಿದ್ದಳು. ಫೈಲು ಸಿಕ್ಕಿದೆ, ದೃಢೀಕರಣ ಪತ್ರ ತಯಾರಾಗುತ್ತಿದೆ, ವಾರದೊಳಗೆ ರಷ್ಯನ್ ಮತ್ತು ಇಂಗ್ಲಿಷಿನಲ್ಲಿ ಕಳಿಸುತ್ತೇವೆ. ನಾನು ಜೋರಾಗಿ ಕೂಗಿದೆ. ಹೆಂಡತಿ ಸೌಟು ಹಿಡಿದೇ ಓಡಿಬಂದಳು. ಆದರೆ ಪತ್ರ ಮುಗಿದಿರಲಿಲ್ಲ. ಕೆಳಗೆ ಹೀಗಿತ್ತು: ನಿಮ್ಮ ಫೈಲಿನಲ್ಲಿ ಎರಡು ಹಾಳೆಯ ಒಂದು ಪತ್ರವಿದೆ, ಯಾವ ಭಾಷೆ ಎಂದು ಅಂದಿನವರಿಗೆ ಗೊತ್ತಾಗಲಿಲ್ಲ. ಪೌರ್ವಾತ್ಯ ಭಾಷೆಗಳ ವಿಭಾಗಕ್ಕೆ ಕಳಿಸಿದ್ದಾರೆ. ಅವರು ‘ಭಾರತದ್ದು, ದಕ್ಷಿಣದ್ದು, ತಮಿಳಲ್ಲ’ ಎಂದು ಬರೆದು ಹಿಂತಿರುಗಿಸಿದ್ದಾರೆ. ನಮ್ಮ ದಾಖಲೆಗಾಗಿ ಭಾಷೆ ಯಾವುದು, ಬರೆದವರು ಯಾರು, ವಿಷಯವೇನು ಎಂದು ದಯಮಾಡಿ ತಿಳಿಸಿ.

ಸ್ಕ್ಯಾನು ತೆರೆದೆ. ಅಪ್ಪನ ಅಕ್ಷರ. ಮುಂಗಡ ಬುಕಿಂಗಿನ ಚೀಟಿಯಲ್ಲಿ ಬರೆಯುವಂತೆ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ನಿಲ್ಲಿಸಿದ್ದರು.

‘ಮಾನ್ಯ ಪ್ರಿನ್ಸಿಪಾಲ್ ಸಾಹೇಬರಿಗೆ ನಮಸ್ಕಾರಗಳು. ತಮ್ಮ ದೇಶದವರು ಕನ್ನಡದಲ್ಲಿ ಮಾಸಪತ್ರಿಕೆ ಅಚ್ಚು ಮಾಡಿ ನಮ್ಮ ಊರಿನ ವಾಚನಾಲಯಕ್ಕೆ ಕಳಿಸುತ್ತಾರೆ. ಆದ್ದರಿಂದ ತಮ್ಮಂಥ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕನ್ನಡ ಬಲ್ಲವರು ಇದ್ದೇ ಇರುತ್ತಾರೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನನ್ನ ಮಗ ತಮ್ಮಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆಂದು ಹೇಳಿದ್ದಾನೆ. ಆದರೆ ಕಳೆದ ಕಾಗದದಲ್ಲಿ, ಒಂದು ತಿಂಗಳಿಂದ ಹೊಲದಲ್ಲಿ ಬಟಾಟೆ ಅಗೆಯುತ್ತಿದ್ದೇವೆ ಎಂದು ಬರೆದಿದ್ದಾನೆ. ಓದಲು ಹೋದವನು ಬಟಾಟೆ ಯಾಕೆ ಅಗೆಯಬೇಕು? ಇಲ್ಲಿ ಜನ, ಅಲ್ಲಿ ಕೂಲಿಗೆ ಹಾಕಿದ್ದಾರೆ ಎನ್ನುತ್ತಾರೆ. ಅವನು ತಮ್ಮ ವಿದ್ಯಾರ್ಥಿ ಹೌದೋ ಅಲ್ಲವೋ, ಒಂದು ಸಾಲು ಬರೆಯಬೇಕು. ಅಲ್ಲವಾದರೂ ಬರೆಯಿರಿ. ನಾನು ಬೈಯುವುದಿಲ್ಲ, ಕರೆಸಿಕೊಳ್ಳುತ್ತೇನೆ. ಈ ಪತ್ರದ ವಿಷಯ ಅವನಿಗೆ ತಿಳಿಯಬಾರದು. ಅಪ್ಪನಿಗೆ ನಂಬಿಕೆಯಿಲ್ಲ ಎಂದು ನೊಂದುಕೊಂಡಾನು.’

ಬಟಾಟೆ ಅಗೆದದ್ದು ನಿಜ. ಶರತ್ಕಾಲದಲ್ಲಿ ಇಡೀ ವಿಶ್ವವಿದ್ಯಾಲಯವೇ ಪುಸ್ತಕ ಮುಚ್ಚಿಟ್ಟು ಸಾಮೂಹಿಕ ಹೊಲಗಳಿಗೆ ಹೋಗುತ್ತಿತ್ತು, ಪ್ರಾಧ್ಯಾಪಕರೂ ಬರುತ್ತಿದ್ದರು. ನನಗದು ತಮಾಷೆಯಾಗಿ ಕಂಡಿತ್ತು. ತಮಾಷೆಗೆಂದೇ ಬರೆದಿದ್ದೆ. ಅದು ಬಸ್‌ಸ್ಟ್ಯಾಂಡಿನ ಮೇಜಿನ ಹಿಂದೆ ಕುಳಿತ ಮನುಷ್ಯನಿಗೆ ಹೇಗೆ ಕೇಳಿಸೀತು ಎಂದು ಯೋಚಿಸಲಿಲ್ಲ.

ನಾನು ಮರಳಿದ ಮೇಲೆ ಒಮ್ಮೆ ಅಪ್ಪ ಕೇಳಿದ್ದರು: ‘ಅಲ್ಲಿ ಕ್ಲಾಸೆಲ್ಲ ಸರಿ ಆಗ್ತಿತ್ತಾ?’ ಒಂದೂವರೆ ವರ್ಷ ಕೆಲಸವಿಲ್ಲದೆ ಕುಳಿತಿದ್ದ ನನಗೆ ಅದು ಚುಚ್ಚಿದಂತಾಗಿ, ‘ಇಲ್ಲ, ಹುಲ್ಲು ಕೊಯ್ತಿದ್ದೆ’ ಎಂದು ರೇಗಿದೆ. ಅವರು ಮುಂದೆ ಕೇಳಲಿಲ್ಲ. ನಾನು ಒಮಾನಿಗೆ ಬಂದ ಮೂರನೇ ವರ್ಷ ತೀರಿಕೊಂಡರು. ಆಗ ನನ್ನ ವೀಸಾದಲ್ಲಿ ಫೋರ್‌ಮನ್ ಎಂದೇ ಇತ್ತು. ಅವರು ಲ್ಯಾಮಿನೇಷನ್ ಮಾಡಿಸಿದ ಹಾಳೆಯ ಮೇಲಿದ್ದದ್ದು ಅವರಿಗೆ ಓದಲು ಬಾರದ ಲಿಪಿ. ಅವರು ಏನೆಂದು ನಂಬಿಕೊಂಡು ಹೋದರೋ ನನಗೆ ಗೊತ್ತಿಲ್ಲ. ಊಟದ ತಟ್ಟೆಯ ಮುಂದೆ ಅತ್ತುಬಿಟ್ಟೆ. ಹೆಂಡತಿ ಪಕ್ಕದಲ್ಲಿ ಕುಳಿತು ಪತ್ರ ಓದಿದಳು.

ಆರ್ಕೈವಿನವಳಿಗೆ ಬರೆದೆ: ಭಾಷೆ ಕನ್ನಡ. ಬರೆದವರು ನನ್ನ ತಂದೆ. ವಿಷಯ: ನಾನು ನಿಮ್ಮ ವಿದ್ಯಾರ್ಥಿಯೇ ಎಂದು ಕೇಳುತ್ತಿದ್ದಾರೆ.

ಮರುದಿನವೇ ಅವಳು ಕೇಳಿದಳು: ಉತ್ತರ ಕಳಿಸಿದ ಗುರುತು ಫೈಲಿನಲ್ಲಿಲ್ಲ. ಉತ್ತರ ಬಂದಿತ್ತೇ? ಇಲ್ಲ ಎಂದು ಬರೆದೆ. ತಂದೆ ಈಗಿಲ್ಲ ಎಂದೂ ಬರೆಯಬೇಕಿತ್ತು. ರಷ್ಯನ್ ಭಾಷೆಯಲ್ಲಿ ಆ ವಾಕ್ಯ ಮಾಡಲು ಹೊರಟು, ಯಾಕೋ ಕೈ ಬರದೆ ಬಿಟ್ಟೆ.

ಮುಂದಿನ ವಾರ ಒಂದೇ ಇ-ಮೇಲಿನಲ್ಲಿ ನೋಡಲು ಒಂದೇ ರೀತಿಯ ಎರಡು ದೃಢೀಕರಣ ಪತ್ರಗಳು ಬಂದವು. ಪರ್ಮಿಟ್ಟಿಗೆ ಹನ್ನೆರಡೇ ದಿನ ಉಳಿದಿತ್ತು. ಒಂದು ನಕಲು ಹೆಚ್ಚಿಗೆ ಕಳಿಸಿದ್ದಾಳೆ ಎಂದುಕೊಂಡು, ಗಡಿಬಿಡಿಯಲ್ಲಿ ಕೆಳಗಿನದನ್ನು ಬೌಷರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಮೈಸೂರಿನ ಹುಡುಗಿಯ ಫೋನು.

‘ಸರ್, ಲೆಟರ್ ಎಲ್ಲಾ ಪರ್ಫೆಕ್ಟಾಗಿದೆ. ನಿಮ್ಮ ಹೆಸರು, ಕೋರ್ಸು, ಹಳೇ ಹೆಸರು ಹೊಸ ಹೆಸರು ಎಲ್ಲಾ ವಿವರವಾಗಿ ಬರ್ದಿದಾರೆ. ಆದ್ರೆ ಟು ಅಡ್ರೆಸ್ ಬೇರೆ ಯಾರದೋ ಇದೆ. ಯಾವುದೋ ಬಸ್ ಬುಕಿಂಗ್ ಆಫೀಸು. ನಿಮ್ಮ ವಿಚಾರಣೆಗೆ ಉತ್ತರವಾಗಿ ಅಂತ ಅವರ ಹೆಸರಿಗೆ ಬಂದಿದೆ. ಯಾರ್ ಸರ್ ಇವ್ರು?’

ನಾನು ಆಗ ಕಾಗದ ತೆರೆದು ನೋಡಿದೆ. ಮೇಲ್ಗಡೆ ಅಪ್ಪನ ಪೂರ್ತಿ ಹೆಸರು, ವಿಳಾಸ; ಫೈಲಿನ ಹಳೆಯ ಲಕೋಟೆಯಿಂದ ತೆಗೆದಿರಬೇಕು. ಕೆಳಗೆ, ತಮ್ಮ ಮಗ ನಮ್ಮ ವಿದ್ಯಾರ್ಥಿ ಎಂದು ದೃಢಪಡಿಸುತ್ತೇವೆ, ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ ಎಂದಿತ್ತು.

‘ನಮ್ಮ ಅಪ್ಪ’ ಎಂದೆ.

‘ಅವ್ರೂ ವೆರಿಫಿಕೇಷನ್ ಕೇಳಿದ್ರಾ ಸರ್?’

‘ಹೌದಮ್ಮ. ನಿಮ್ಮೆಲ್ಲರಿಗಿಂತ ಮೊದಲು ಕೇಳಿದ್ದು ಅವರೇ.’

ಅವಳಿಗೆ ಅರ್ಥವಾಗಲಿಲ್ಲ. ‘ಮತ್ತೆ ಅವ್ರಿಗೆ ಇದು ತಲುಪ್ತಾ ಸರ್?’ ಎಂದು ಕೇಳಿದಳು.

ನನ್ನ ಹೆಸರಿನ ಪತ್ರವನ್ನು ಈಗಲೇ ಕಳಿಸುತ್ತೇನೆ ಎಂದೆ.